ಕಂಪನಿಯ ಕಡತದಲ್ಲಿ ಐಸರ್ 28,000, ನಮ್ಮ ಮಿತಿ 30,000: ಓದು ಎಲ್ಲಿಂದ ಶುರು ಮಾಡಬೇಕು?

ಕಡತದ_ಹುಳ

ಸಾರ್ವಜನಿಕ ವಿಮಾ ಯೋಜನೆಗೆ ಹೊಸ ಔಷಧಿ ಸೇರಿಸಬೇಕೋ ಬೇಡವೋ ಎಂದು ನೋಡುವ ಸಮಿತಿಗೆ ಒಂದು ಕಡತ ಬಂದಿದೆ ಎಂದುಕೊಳ್ಳಿ. ಮುಂದುವರಿದ ಕ್ಯಾನ್ಸರಿಗೆ ಕೊಡುವ ಇಂಜೆಕ್ಷನ್. ಟ್ರಯಲ್‌ನಲ್ಲಿ ರೋಗಿಗಳನ್ನು ಸುಮಾರು ಎರಡು ವರ್ಷ ಗಮನಿಸಿದ್ದಾರೆ, ಮುಂದಿನ ಖರ್ಚು-ಲಾಭದ ಲೆಕ್ಕ ಹಾಕುವ ಮಾಡೆಲ್ ಮಾತ್ರ 30 ವರ್ಷದ್ದು. ಈಗಿನ ಚಿಕಿತ್ಸೆಗಿಂತ ಒಬ್ಬ ರೋಗಿಗೆ 42,000 ಹೆಚ್ಚು ಖರ್ಚು, 1.5 ಕ್ವಾಲಿ (ಒಂದು ಕ್ವಾಲಿ ಅಂದರೆ ಪೂರ್ಣ ಆರೋಗ್ಯದ ಒಂದು ವರ್ಷಕ್ಕೆ ಸಮ) ಹೆಚ್ಚು ಲಾಭ. ಭಾಗಿಸಿದರೆ ಐಸರ್, ಅಂದರೆ ಹೆಚ್ಚುವರಿ ಒಂದು ಕ್ವಾಲಿಗೆ ತಗಲುವ ಖರ್ಚು, 28,000. ಯೋಜನೆಯ ಮಿತಿ 30,000, ಆದ್ದರಿಂದ ಒಪ್ಪಿಕೊಳ್ಳಿ ಅನ್ನುವುದು ಕಂಪನಿಯ ವಾದ. ಹಣದ ಲೆಕ್ಕ ಯಾವ ದೇಶದ ನಾಣ್ಯದಲ್ಲಾದರೂ ಇಟ್ಟುಕೊಳ್ಳಿ.

400 ಪುಟ, ಜೊತೆಗೆ ಒಂದು ಎಕ್ಸೆಲ್ ಫೈಲು, ಕೈಯಲ್ಲಿರುವುದು ಮೂರು ವಾರ. ಈ 28,000 ಎಲ್ಲೆಲ್ಲಿ ಅಲುಗಾಡುತ್ತದೆ? ಕ್ವಾಲಿ ಅಂದರೇನು, ಐಸರ್ ಅಂದರೇನು ಅನ್ನುವ ಉದ್ದ ಪಾಠ ಬೇಡ, ಅಷ್ಟು ಗೊತ್ತು.

ತಕ್ಕಡಿ

ಫಲಿತಾಂಶದ ಪುಟ ಕೊನೆಗೆ ಓದಿ. ಮೊದಲು ತೆಗೆಯಬೇಕಾದದ್ದು ಯಾವುದಕ್ಕೆ ಹೋಲಿಸಿದ್ದಾರೆ ಅನ್ನುವ ಪುಟ. ಐಸರ್ ಎರಡು ಚಿಕಿತ್ಸೆಗಳ ನಡುವಿನ ಅಂತರದ ಲೆಕ್ಕ. ಎದುರಾಳಿಯನ್ನು ಬದಲಿಸಿದರೆ ಅದೇ ಔಷಧಿ, ಅದೇ ಬೆಲೆ ಇದ್ದೂ ಸಂಖ್ಯೆ ಬೇರೆ ಬರುತ್ತದೆ.

ಉದಾಹರಣೆಗೆ ಮೂರು ದಾರಿಗಳಿವೆ ಅನ್ನಿ. ಅ: ಖರ್ಚು 10,000, ಲಾಭ 1.0 ಕ್ವಾಲಿ. ಆ: 30,000, 1.5 ಕ್ವಾಲಿ. ಹೊಸದು, ಇ: 40,000, 2.0 ಕ್ವಾಲಿ. ಕಂಪನಿ ಆ-ಯ ಜೊತೆ ಮಾತ್ರ ಹೋಲಿಸಿದರೆ 10,000ವನ್ನು 0.5ರಿಂದ ಭಾಗಿಸಿ 20,000 ಅನ್ನುತ್ತದೆ. ಆದರೆ ಅ-ಯಿಂದ ಆ-ಗೆ ಹೋಗಲು ಒಂದು ಕ್ವಾಲಿಗೆ 40,000 ತಗಲುತ್ತಿತ್ತು. ಅಂದರೆ ಆ ಅನ್ನುವುದು ಮೊದಲಿನಿಂದಲೇ ಕೊಳ್ಳಬಾರದಿದ್ದ ಸರಕು. ಅದನ್ನು ಪಟ್ಟಿಯಿಂದ ತೆಗೆದು ಅ-ಯ ಜೊತೆ ಹೋಲಿಸಿದರೆ ಹೊಸದರ ನಿಜವಾದ ಐಸರ್ 30,000. ದುಬಾರಿ ಎದುರಾಳಿಯ ಪಕ್ಕ ನಿಂತರೆ ಯಾರೂ ಅಗ್ಗವಾಗಿಯೇ ಕಾಣುತ್ತಾರೆ.

ಹಾಗಾಗಿ ಎಲ್ಲ ಆಯ್ಕೆಗಳನ್ನೂ ಖರ್ಚಿನ ಏರಿಕೆಯ ಕ್ರಮದಲ್ಲಿ ಬರೆದು, ಒಂದೊಂದನ್ನೂ ಅದರ ಹಿಂದಿನದಕ್ಕೆ ಹೋಲಿಸಿ ಮೇಲೆ ಬನ್ನಿ. ಪೇಟೆಂಟ್ ಮುಗಿದ ಹಳೆ ಔಷಧಿ ಆ ಪಟ್ಟಿಯಲ್ಲಿ ಇದೆಯೇ ಅಂತ ಖಾತ್ರಿ ಮಾಡಿಕೊಳ್ಳಿ. ಬಿಟ್ಟುಹೋಗುವುದು ಸಾಮಾನ್ಯವಾಗಿ ಅದೇ.

ಇನ್ನೊಂದು: ಐಸರ್ ಮುಂದೆ ಮೈನಸ್ ಚಿಹ್ನೆ ಕಂಡರೆ ಅಲ್ಲೇ ನಿಲ್ಲಿ. ಖರ್ಚೂ ಕಡಿಮೆ ಲಾಭವೂ ಹೆಚ್ಚು ಇದ್ದಾಗ ಮೈನಸ್ ಬರುತ್ತದೆ, ಖರ್ಚು ಹೆಚ್ಚಾಗಿ ಲಾಭ ಕಡಿಮೆಯಾದಾಗಲೂ ಅದೇ ಮೈನಸ್ ಬರುತ್ತದೆ. ಭಾಗಲಬ್ಧ ನೋಡಿ ಯಾವುದು ಅಂತ ಹೇಳಲಿಕ್ಕಾಗುವುದಿಲ್ಲ.

ವಾರ್ಡ್_ರೌಂಡ್

ಹೋಲಿಕೆಯ ಚಿಕಿತ್ಸೆಯ ಜೊತೆಗೆ ರೋಗಿಗಳು ಯಾರು ಅನ್ನುವುದನ್ನೂ ನೋಡಿ. ಟ್ರಯಲ್‌ಗೆ ಸೇರಿಸಿಕೊಂಡವರು ಬಹುಪಾಲು ಎದ್ದು ಓಡಾಡುವ, ಕಿಡ್ನಿ-ಲಿವರ್ ಚೆನ್ನಾಗಿರುವವರು. ವಾರ್ಡಿನಲ್ಲಿ ಇದೇ ಔಷಧಿ ಪಡೆಯುವವರು ಹತ್ತು ವರ್ಷ ದೊಡ್ಡವರು, ಜೊತೆಗೆ ಇನ್ನೆರಡು ಕಾಯಿಲೆ ಇರುವವರು. ಹಝರ್ಡ್ ರೇಶಿಯೊ (ಎರಡು ಗುಂಪುಗಳ ಸಾವಿನ ದರಗಳ ಅನುಪಾತ) ಹೆಚ್ಚು ಬದಲಾಗದೇ ಇರಬಹುದು, ಆದರೆ ಸಾವಿನ ಮೂಲ ಅಪಾಯ ಬದಲಾದ ಮೇಲೆ ಗಳಿಸುವ ತಿಂಗಳುಗಳೂ ಬದಲಾಗುತ್ತವೆ.

ಔಷಧಿಗೆ ಸಿಕ್ಕ ಅನುಮತಿ ಯಾರಿಗೆ, ಟ್ರಯಲ್ ನಡೆದದ್ದು ಯಾರಲ್ಲಿ, ಕಂಪನಿ ಹಣ ಕೇಳುತ್ತಿರುವುದು ಯಾರಿಗೆ: ಈ ಮೂರು ಗುಂಪುಗಳನ್ನು ಒಂದು ಹಾಳೆಯ ಮೇಲೆ ಅಕ್ಕಪಕ್ಕ ಬರೆದುಕೊಳ್ಳಿ. ಮೂರೂ ಒಂದೇ ಆಗಿರುವುದು ಅಪರೂಪ. ಎಲ್ಲರ ಮೇಲೂ ನಡೆದ ಟ್ರಯಲ್‌ನಿಂದ ಒಂದು ಉಪಗುಂಪನ್ನು ಹೆಕ್ಕಿ "ಇವರಿಗೆ ಮಾತ್ರ ಕೊಡಿ" ಅಂದಿದ್ದರೆ, ಆ ಉಪಗುಂಪನ್ನು ಟ್ರಯಲ್ ಶುರುವಾಗುವ ಮೊದಲೇ ಅದರ ಲಿಖಿತ ಯೋಜನೆಯಾದ ಪ್ರೊಟೊಕಾಲ್‌ನಲ್ಲಿ ಹೆಸರಿಸಿದ್ದರೇ ಅಂತ ಕೇಳಿ. ಬಾಣ ಬಿಟ್ಟ ಮೇಲೆ ಅದರ ಸುತ್ತ ಗುರಿಯ ಚಕ್ರ ಬರೆಯುವವರಿಗೇನೂ ಕೊರತೆಯಿಲ್ಲ.

ರೋಗ ಉಲ್ಬಣಿಸಿದ ಮೇಲೆ ಹಳೆ ಚಿಕಿತ್ಸೆಯ ಗುಂಪಿನವರಿಗೂ ಹೊಸ ಔಷಧಿ ಕೊಟ್ಟಿದ್ದಾರೆಯೇ ಅಂತಲೂ ನೋಡಿ. ಕೊಟ್ಟಿದ್ದರೆ ಎರಡು ಗುಂಪುಗಳ ನಡುವಿನ ಅಂತರ ಕರಗಿರುತ್ತದೆ. ಕಂಪನಿ ಅದನ್ನು ಸಂಖ್ಯಾಶಾಸ್ತ್ರದ ತಂತ್ರಗಳಿಂದ ಸರಿಪಡಿಸುತ್ತದೆ, ಅದು ತಪ್ಪಲ್ಲ. ಆದರೆ ಸರಿಪಡಿಸದ ಉತ್ತರವನ್ನೂ, ಎರಡು ಬೇರೆ ತಂತ್ರಗಳ ಉತ್ತರವನ್ನೂ ಪಕ್ಕದಲ್ಲೇ ಕೇಳಿ ಪಡೆಯಿರಿ.

ಬಾಲದ_ಲೆಕ್ಕ

ಎರಡು ವರ್ಷದ ದತ್ತಾಂಶ, 30 ವರ್ಷದ ಮಾಡೆಲ್. ನನ್ನ ಪ್ರಕಾರ 28,000ದ ಜೀವ ಇರುವುದೇ ಅಲ್ಲಿ.

ಬದುಕುಳಿಯುವ ರೇಖೆಯನ್ನು ಮುಂದಕ್ಕೆ ಎಳೆಯಲು ಸಾಮಾನ್ಯವಾಗಿ ಆರು ಸೂತ್ರಗಳನ್ನು ಹಾಕಿ ನೋಡುತ್ತಾರೆ: ಎಕ್ಸ್‌ಪೊನೆನ್ಶಿಯಲ್, ವೈಬುಲ್, ಗಾಂಪರ್ಟ್ಜ್, ಲಾಗ್-ಲಾಜಿಸ್ಟಿಕ್, ಲಾಗ್-ನಾರ್ಮಲ್, ಜನರಲೈಸ್ಡ್ ಗಾಮಾ. ಇವುಗಳಲ್ಲಿ ಎರಡನ್ನು ಮಾತ್ರ ತೆಗೆದುಕೊಳ್ಳೋಣ. ಎರಡರಲ್ಲೂ ಅರ್ಧದಷ್ಟು ಜನ 24 ತಿಂಗಳಿಗೆ ತೀರಿಕೊಂಡಿರುತ್ತಾರೆ ಅನ್ನಿ, ಲಾಗ್-ಲಾಜಿಸ್ಟಿಕ್‌ನ ಆಕಾರಾಂಕ (ರೇಖೆ ಹೇಗೆ ಬಾಗುತ್ತದೆ ಅನ್ನುವ ಸಂಖ್ಯೆ) 1.5 ಇರಲಿ.

12 ತಿಂಗಳಿಗೆ: ಎಕ್ಸ್‌ಪೊನೆನ್ಶಿಯಲ್ 71%, ಲಾಗ್-ಲಾಜಿಸ್ಟಿಕ್ 74%.
24 ತಿಂಗಳಿಗೆ: 50%, 50%.
5 ವರ್ಷಕ್ಕೆ: 18%, 20%.
10 ವರ್ಷಕ್ಕೆ: 3%, 8%.
20 ವರ್ಷಕ್ಕೆ: 0.1%, 3%.

ಮೊದಲ ಎರಡು ವರ್ಷ ಕಣ್ಣಿಗೆ ಎರಡೂ ಒಂದೇ ರೇಖೆ. ಆದರೆ ರೇಖೆಯ ಕೆಳಗಿನ ಪೂರ್ತಿ ವಿಸ್ತೀರ್ಣ, ಅಂದರೆ ಸರಾಸರಿ ಆಯುಸ್ಸು, ಒಂದರಲ್ಲಿ 34.6 ತಿಂಗಳು, ಇನ್ನೊಂದರಲ್ಲಿ 58 ತಿಂಗಳು. ಎರಡು ವರ್ಷದ ವ್ಯತ್ಯಾಸ ಹುಟ್ಟಿದ್ದು ಟ್ರಯಲ್ ನೋಡದೇ ಇರುವ ಕಾಲದಿಂದ. 30 ವರ್ಷಕ್ಕೆ ಮಾಡೆಲ್ ನಿಲ್ಲಿಸಿ ಡಿಸ್ಕೌಂಟ್ ಹಾಕಿದರೆ (ಮುಂದಿನ ವರ್ಷಗಳ ಲಾಭ-ಖರ್ಚನ್ನು ಇವತ್ತಿನ ಬೆಲೆಗೆ ಇಳಿಸಿದರೆ) ಅಂತರ ಬಹಳವೇ ಕುಗ್ಗುತ್ತದೆ, ಆದರೂ ಪೂರ್ತಿ ಹೋಗುವುದಿಲ್ಲ.

ಕಡತದ_ಹುಳ

ಕಂಪನಿ ಎಐಸಿ ಕೋಷ್ಟಕ (ಯಾವ ಸೂತ್ರ ದತ್ತಾಂಶಕ್ಕೆ ಚೆನ್ನಾಗಿ ಹೊಂದುತ್ತದೆ ಅನ್ನುವ ಅಂಕಗಳು, ಕಡಿಮೆಯಾದಷ್ಟೂ ಒಳ್ಳೆಯದು) ಕೊಟ್ಟಿದೆ. ಲಾಗ್-ಲಾಜಿಸ್ಟಿಕ್‌ನ ಅಂಕವೇ ಎಲ್ಲಕ್ಕಿಂತ ಕಡಿಮೆ, ಹಾಗಾಗಿ ಅದೇ ಅತ್ಯುತ್ತಮ ಅಂತ ಬರೆದಿದ್ದಾರೆ.

ಬಾಲದ_ಲೆಕ್ಕ

ಎಐಸಿ, ಅದರಂಥದೇ ಬಿಐಸಿ ಎರಡೂ ನೋಡುವುದು ದತ್ತಾಂಶ ಇರುವ ಭಾಗವನ್ನು ಮಾತ್ರ. ಬಾಲದ ಬಗ್ಗೆ, ಅಂದರೆ ದತ್ತಾಂಶ ಮುಗಿದ ಮೇಲಿನ ರೇಖೆಯ ಬಗ್ಗೆ, ಅವು ಒಂದು ಮಾತೂ ಹೇಳುವುದಿಲ್ಲ. ಬಾಲಕ್ಕೆ ಬೇರೆಯೇ ಪರೀಕ್ಷೆಗಳು ಬೇಕು.

ಮೊದಲನೆಯದು, ಕ್ಯಾನ್ಸರ್ ನೋಂದಣಿಗಳಲ್ಲಿ ಇದೇ ಹಂತದ ರೋಗಿಗಳು 5 ಮತ್ತು 10 ವರ್ಷಕ್ಕೆ ಎಷ್ಟು ಜನ ಉಳಿದಿದ್ದಾರೆ ನೋಡಿ, ಹಳೆ ಚಿಕಿತ್ಸೆಯ ರೇಖೆ ಅದಕ್ಕೆ ಹತ್ತಿರ ಇದೆಯೇ ತಾಳೆ ಹಾಕಿ. ಹಳೆಯದೇ ತಾಳೆಯಾಗದಿದ್ದರೆ ಹೊಸದರ ರೇಖೆಯ ಮಾತೇ ಬೇಡ. ಎರಡನೆಯದು, ಮಾಡೆಲ್‌ನಲ್ಲಿ 12ನೇ ವರ್ಷದಲ್ಲಿರುವ ರೋಗಿಯ ಸಾವಿನ ದರವನ್ನು ಅದೇ ವಯಸ್ಸಿನ ಸಾಮಾನ್ಯ ಜನರ ದರದ ಪಕ್ಕ ಇಡಿ. ಉದ್ದ ಬಾಲದ ಸೂತ್ರಗಳಲ್ಲಿ ಕ್ಯಾನ್ಸರ್ ರೋಗಿ ಆರೋಗ್ಯವಂತನಿಗಿಂತ ನಿಧಾನವಾಗಿ ಸಾಯುವ ವಿಚಿತ್ರ ಆಗಾಗ ಕಾಣುತ್ತದೆ. ಅಲ್ಲೊಂದು ತಡೆ ಹಾಕಿದ್ದಾರೆಯೇ? ಮೂರನೆಯದು, ಚಿಕಿತ್ಸೆ ನಿಲ್ಲಿಸಿದ ಮೇಲೂ ಔಷಧಿಯ ಪರಿಣಾಮ 30 ವರ್ಷ ಹಾಗೇ ಉಳಿಯುತ್ತದೆ ಅಂತ ಊಹಿಸಿದ್ದಾರೆಯೇ? 3ನೇ ವರ್ಷದಿಂದ 5ನೇ ವರ್ಷದೊಳಗೆ ಪರಿಣಾಮ ಸವೆದು ಹೋದರೆ ಐಸರ್ ಎಷ್ಟಾಗುತ್ತದೆ ಅಂತ ಓಡಿಸಿ ನೋಡಿ.

ಕೊನೆಗೆ, ಒಟ್ಟು ಕ್ವಾಲಿ ಲಾಭದಲ್ಲಿ ಟ್ರಯಲ್ ಅವಧಿಯೊಳಗೆ ಬಂದದ್ದು ಎಷ್ಟು, ಆಮೇಲೆ ಬಂದದ್ದು ಎಷ್ಟು ಅಂತ ಬಿಡಿಸಿ ಕೇಳಿ. 1.5ರಲ್ಲಿ 0.3 ಮಾತ್ರ ಟ್ರಯಲ್ ಒಳಗಿನದಾದರೆ ನೀವು ಕೊಳ್ಳುತ್ತಿರುವುದು ಬಹುಪಾಲು ಊಹೆಯನ್ನು.

ಸೀಸೆ_ಎಣಿಕೆ

ಎಲ್ಲರೂ ಕ್ವಾಲಿ ಹಿಂದೆ ಹೋಗುತ್ತಿದ್ದೀರಿ, ಖರ್ಚಿನ ಹಾಳೆಯನ್ನು ಯಾರೂ ಮುಟ್ಟಿಲ್ಲ. ಔಷಧಾಲಯದ ಕಡೆಯಿಂದ ಎರಡು ಮಾತು.

ತೂಕದ ಮೇಲೆ ಕೊಡುವ ಇಂಜೆಕ್ಷನ್ ಅಂದರೆ ಸೀಸೆಯ ಗಾತ್ರ ನೋಡಲೇಬೇಕು. ಕೆ.ಜಿ.ಗೆ 2 ಮಿ.ಗ್ರಾಂ, ಸೀಸೆ 100 ಮಿ.ಗ್ರಾಂ, ರೋಗಿಯ ಸರಾಸರಿ ತೂಕ 65 ಕೆ.ಜಿ. ಅನ್ನಿ. ಡೋಸ್ 130 ಮಿ.ಗ್ರಾಂ. ಮಾಡೆಲ್ ಮಾಡಿದವರು 1.3 ಸೀಸೆ ಅಂತ ಲೆಕ್ಕ ಹಿಡಿದಿರುತ್ತಾರೆ. 1.3 ಸೀಸೆ ಯಾರೂ ಮಾರುವುದಿಲ್ಲ! 50 ಕೆ.ಜಿ. ದಾಟಿದವರಿಂದ 100 ಕೆ.ಜಿ.ವರೆಗೆ ಎಲ್ಲರಿಗೂ ಎರಡು ಸೀಸೆ ಒಡೆಯಬೇಕು, 65 ಕೆ.ಜಿ.ಯವರದ್ದಾದರೆ ಉಳಿದ 70 ಮಿ.ಗ್ರಾಂ ಚೆಲ್ಲಬೇಕು. ಒಂದೇ ದಿನ ನಾಲ್ಕೈದು ರೋಗಿಗಳನ್ನು ಕೂರಿಸಿ ಹಂಚಿಕೊಂಡರೆ ಉಳಿಸಬಹುದು, ಆದರೆ ಅಪರೂಪದ ಕ್ಯಾನ್ಸರಿಗೆ ಒಂದೇ ದಿನ ಅಷ್ಟು ಜನ ಸಿಗುವುದು ಕಷ್ಟ, ಒಡೆದ ಸೀಸೆಯ ಬಾಳಿಕೆಯೂ ಗಂಟೆಗಳ ಲೆಕ್ಕ.

ಹೀಗಾದಾಗ ಔಷಧಿಯ ಖರ್ಚನ್ನು 35% ಕಡಿಮೆ ತೋರಿಸಿದಂತಾಗುತ್ತದೆ. ಕಡತದಲ್ಲಿ ಔಷಧಿಗೆ 26,000 ಅಂತಿದ್ದರೆ ನಿಜವಾದದ್ದು 40,000.

ಎರಡನೆಯದು ಪರೀಕ್ಷೆಯ ಖರ್ಚು. ಜೀನ್ ಪರೀಕ್ಷೆ ಪಾಸಿಟಿವ್ ಬಂದವರಿಗೆ ಮಾತ್ರ ಕೊಡುವ ಔಷಧಿಯಾದರೆ, ಹತ್ತರಲ್ಲಿ ಒಬ್ಬರಿಗೆ ಪಾಸಿಟಿವ್ ಬರುವುದಾದರೆ, ಚಿಕಿತ್ಸೆ ಪಡೆಯುವ ಪ್ರತಿ ರೋಗಿಯ ತಲೆ ಮೇಲೆ ಹತ್ತು ಪರೀಕ್ಷೆಯ ಖರ್ಚು ಬೀಳುತ್ತದೆ. ಒಂದನ್ನು ಮಾತ್ರ ಹಾಕಿರುವ ಮಾಡೆಲ್‌ಗಳು ಸಾಕಷ್ಟಿವೆ.

ಡ್ರಿಪ್ ಹಾಕುವ ಕುರ್ಚಿ, ನರ್ಸ್ ಸಮಯ, ಅಡ್ಡ ಪರಿಣಾಮದ ಚಿಕಿತ್ಸೆ ಇವೆಲ್ಲ ಇದ್ದೇ ಇರುತ್ತವೆ, ಆದರೆ ಉತ್ತರವನ್ನು ಅಷ್ಟೇನೂ ಕದಲಿಸುವುದಿಲ್ಲ.

ತಕ್ಕಡಿ

ಸೀಸೆಯ ಲೆಕ್ಕವನ್ನು ನೇರವಾಗಿ ಹಾಕಿಬಿಡೋಣ. ಔಷಧಿಯ ಖರ್ಚು 26,000ದಿಂದ 40,000ಕ್ಕೆ ಏರಿದರೆ ಹೆಚ್ಚುವರಿ ಖರ್ಚು 42,000 ಇದ್ದದ್ದು 56,000. 1.5ರಿಂದ ಭಾಗಿಸಿದರೆ ಐಸರ್ 37,333. ಮಿತಿ ದಾಟಿಯಾಯಿತು, ಬಾಲವನ್ನು ಇನ್ನೂ ಮುಟ್ಟಿಲ್ಲ.

ಬಾಲ ಮೊಟಕಾಗಿ ಲಾಭ 1.5ರಿಂದ 1.1ಕ್ಕೆ ಇಳಿಯಿತು ಅಂದುಕೊಳ್ಳಿ. ಇಂಜೆಕ್ಷನ್ ರೋಗ ಉಲ್ಬಣಿಸಿದಾಗ ನಿಲ್ಲುವುದರಿಂದ ಆಯುಸ್ಸು ಕಡಿಮೆಯಾದರೂ ಔಷಧಿಯ ಖರ್ಚು ಅಷ್ಟೇ ಇರುತ್ತದೆ. 56,000 ಭಾಗಿಸು 1.1, ಸುಮಾರು 50,900.

ಸಮಿತಿಗೆ ಇದನ್ನು ಇನ್ನೊಂದು ರೂಪದಲ್ಲಿ ಹೇಳಿದರೆ ಬೇಗ ತಲೆಗೆ ಹತ್ತುತ್ತದೆ. 30,000 ಮಿತಿಯ ಅರ್ಥವೇ ಇಷ್ಟು: ಯೋಜನೆಯಲ್ಲಿ ಬೇರೆ ಕಡೆ 30,000 ಕಡಿತವಾದರೆ ಎಲ್ಲೋ ಒಂದು ಕ್ವಾಲಿ ಕಳೆದುಹೋಗುತ್ತದೆ. 56,000ವನ್ನು 30,000ದಿಂದ ಭಾಗಿಸಿದರೆ 1.87. ಒಬ್ಬ ರೋಗಿಗೆ 1.1 ಕೊಟ್ಟು ಕಾಣದ ಬೇರೆ ರೋಗಿಗಳಿಂದ 1.87 ಕಿತ್ತುಕೊಳ್ಳುತ್ತೀರಿ. ಸಾವಿರ ರೋಗಿಗಳಿಗೆ ನಿವ್ವಳ ನಷ್ಟ ಸುಮಾರು 767 ಕ್ವಾಲಿ.

ಬೆಲೆ ಮಾತುಕತೆಗೂ ಇದೇ ಲೆಕ್ಕ ಸಾಕು. 1.1 ಕ್ವಾಲಿಗೆ ಹೆಚ್ಚೆಂದರೆ 33,000 ಕೊಡಬಹುದು. 56,000ದಿಂದ 23,000 ಇಳಿಯಬೇಕು, ಪೂರ್ತಿ ಔಷಧಿಯ 40,000ದಿಂದಲೇ ಇಳಿಯಬೇಕು. ಅಂದರೆ 57.5% ರಿಯಾಯಿತಿ. 10% ಕೊಡುತ್ತೇವೆ ಅಂತ ಬಂದವರ ಮುಂದೆ ಇಡಲು ಒಂದು ಸಾಲು ಸಿಕ್ಕಿತಲ್ಲ.

ಅರ್ಜಿದಾರ

ಲೆಕ್ಕ ಸರಿ, ಆದರೆ ಆ 30,000 ಎಲ್ಲಿಂದ ಬಂತು ಅಂತ ಯಾರೂ ಕೇಳುತ್ತಿಲ್ಲ. ಯಾವ ಔಷಧಿಗೆ ಸರಕಾರಿ ಹಣ ಕೊಡಬೇಕು ಅಂತ ಹೇಳುವ ಇಂಗ್ಲೆಂಡಿನ ನೈಸ್ ಸಂಸ್ಥೆ ಎರಡು ದಶಕದಷ್ಟು ಕಾಲ 20,000ದಿಂದ 30,000 ಪೌಂಡ್ ಅನ್ನುತ್ತಾ ಬಂತು, ಅದರ ಹಿಂದೆ ಅಳತೆ ಮಾಡಿದ ಆಧಾರ ಇರಲಿಲ್ಲ. ಅದನ್ನೇ ಹಿಡಿದು ಜನರಿಗೆ ಔಷಧಿ ಇಲ್ಲ ಅನ್ನುವುದು ಎಷ್ಟು ಸರಿ? ಕ್ವಾಲಿಯ ಒಳಗೇ ತಾರತಮ್ಯವಿದೆ. ಅಂಗವೈಕಲ್ಯ ಇರುವವರ ಒಂದು ವರ್ಷ 0.6 ಅಂತ ಎಣಿಸಿದರೆ, ಅವರ ಜೀವ ಉಳಿಸಿದ್ದಕ್ಕೆ ಸಿಗುವ ಅಂಕವೂ ಕಡಿಮೆ. ಅಮೆರಿಕದಲ್ಲಿ 2010ರ ಆರೋಗ್ಯ ಕಾನೂನೇ ಹಿರಿಯರ ಸರಕಾರಿ ವಿಮೆಯಾದ ಮೆಡಿಕೇರ್‌ನಲ್ಲಿ ಕ್ವಾಲಿಯನ್ನು ಮಿತಿಯಾಗಿ ಬಳಸಬಾರದು ಅಂದಿದೆ.

ತಕ್ಕಡಿ

ಮಿತಿಗೆ ಆಧಾರ ಇರಲಿಲ್ಲ ಅನ್ನುವುದು ನಿಜ. ಆದರೆ ಆಧಾರ ಹುಡುಕಿದಾಗ ಸಿಕ್ಕ ಉತ್ತರ ನೀವು ಬಯಸುವ ದಿಕ್ಕಿನದಲ್ಲ. ಯಾರ್ಕ್ ವಿಶ್ವವಿದ್ಯಾಲಯದವರು 2015ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ ಇಂಗ್ಲೆಂಡಿನ ಸಾರ್ವಜನಿಕ ವ್ಯವಸ್ಥೆಯಲ್ಲಿ 12,936 ಪೌಂಡ್ ಹೆಚ್ಚು-ಕಡಿಮೆಯಾದರೆ ಒಂದು ಕ್ವಾಲಿ ಹೆಚ್ಚು-ಕಡಿಮೆಯಾಗುತ್ತದೆ. ಅಂದರೆ 30,000 ಅನ್ನುವುದೇ ಧಾರಾಳ. ತಲಾ ಆದಾಯದ ಒಂದರಿಂದ ಮೂರು ಪಟ್ಟು ಅನ್ನುವ ಹಳೆ ಸೂತ್ರವನ್ನಂತೂ ಕಣ್ಣುಮುಚ್ಚಿ ಬಳಸಬೇಡಿ. ಮೂರು ಪಟ್ಟು ಇಟ್ಟರೆ ಹೆಚ್ಚುಕಡಿಮೆ ಎಲ್ಲವೂ ಪಾಸಾಗುತ್ತದೆ, ಬೊಕ್ಕಸ ಮಾತ್ರ ಮೂರು ಪಟ್ಟಾಗುವುದಿಲ್ಲ.

ವೈಕಲ್ಯದ ಆಕ್ಷೇಪ ಗಂಭೀರವಾದದ್ದು, ತಳ್ಳಿಹಾಕುವುದಿಲ್ಲ. ಅಮೆರಿಕದ ಐಸರ್ ಸಂಸ್ಥೆ (ಅನುಪಾತದ ಹೆಸರೂ ಸಂಸ್ಥೆಯ ಹೆಸರೂ ಒಂದೇ, ಹೊಸಬರ ತಲೆ ಕೆಡಿಸಲಿಕ್ಕೆ ಇದೊಂದು ಸಾಕು) ಕ್ವಾಲಿಯ ಪಕ್ಕದಲ್ಲಿ ಇನ್ನೊಂದು ಅಳತೆಯನ್ನೂ ಕೊಡುತ್ತದೆ. ಅದರಲ್ಲಿ ಹೆಚ್ಚಾಗಿ ಬದುಕಿದ ಪ್ರತಿ ವರ್ಷಕ್ಕೂ ಯಾರ ಆಯುಸ್ಸಾದರೂ ಒಂದೇ ಬೆಲೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಎರಡರ ಉತ್ತರ ಬೇರೆ ಬಂದಾಗ ಮಾತ್ರ ಈ ಜಗಳಕ್ಕೆ ಅರ್ಥ.

ವಾರ್ಡ್_ರೌಂಡ್

ಅಂಕಗಳ ಪಟ್ಟಿಯನ್ನೇ ತೀರ್ಪು ಮಾಡಿಕೊಂಡರೆ ಏನಾಗುತ್ತದೆ ಅನ್ನುವುದಕ್ಕೆ ಅಮೆರಿಕದ ಒರೆಗನ್ ರಾಜ್ಯದ ಪ್ರಸಂಗ ಇದೆ. 1990ರಲ್ಲಿ ಅವರು ಬಡವರ ಯೋಜನೆಗೆ ಎಲ್ಲ ಚಿಕಿತ್ಸೆಗಳನ್ನೂ ವೆಚ್ಚ-ಲಾಭದ ಅನುಪಾತದಲ್ಲಿ ಜೋಡಿಸಿದರು. ಮೊದಲ ಕರಡಿನಲ್ಲಿ ಹಲ್ಲಿಗೆ ಕ್ಯಾಪ್ ಹಾಕುವುದೂ ಗರ್ಭನಾಳದಲ್ಲಿ ಕೂತ ಗರ್ಭದ ಶಸ್ತ್ರಚಿಕಿತ್ಸೆಯೂ ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿ ಬಂದವು. ಒಂದು ಮಾಡದಿದ್ದರೆ ಹಲ್ಲುನೋವು, ಇನ್ನೊಂದು ಮಾಡದಿದ್ದರೆ ಸಾವು. ಆ ಪಟ್ಟಿಯನ್ನು ಕೈಬಿಟ್ಟು ಬೇರೆ ವಿಧಾನ ಹಿಡಿದರು. ದತ್ತಾಂಶ ಒರಟಾಗಿತ್ತು ಅನ್ನುವುದು ಅರ್ಧ ಕಾರಣ. ಸಾಯುತ್ತಿರುವವರನ್ನು ಕಣ್ಣೆದುರಿಗಿಟ್ಟುಕೊಂಡು ಜನ ಅನುಪಾತ ನೋಡುವುದಿಲ್ಲ ಅನ್ನುವುದು ಇನ್ನರ್ಧ.

ಅರ್ಜಿದಾರ

ನಾನು ಹೇಳಿದ್ದೂ ಅದೇ. ಥಾಯ್ಲೆಂಡ್ ಒಂದು ಕ್ವಾಲಿಗೆ ಇಷ್ಟೇ ಅಂತ ಮಿತಿ ಇಟ್ಟಿದೆ (2013ರಿಂದ ಅದು 1,60,000 ಬಾತ್), ಅದನ್ನು ಬಹುಮಟ್ಟಿಗೆ ಪಾಲಿಸುತ್ತದೆ. ಆದರೂ ಡಯಾಲಿಸಿಸ್ ಲೆಕ್ಕದಲ್ಲಿ ಪಾಸಾಗದೇ ಇದ್ದಾಗ 2008ರಿಂದ ಎಲ್ಲರಿಗೂ ಕೊಟ್ಟಿತು. ಇಲ್ಲದಿದ್ದರೆ ಕುಟುಂಬಗಳು ಸಾಲದಲ್ಲಿ ಮುಳುಗುತ್ತಿದ್ದವು. ಖರ್ಚು ಹಿಡಿತದಲ್ಲಿಡಲು ಹೊಟ್ಟೆಯ ಮೂಲಕ ಮನೆಯಲ್ಲೇ ಮಾಡಿಕೊಳ್ಳುವ ಡಯಾಲಿಸಿಸ್‌ಗೆ ಆದ್ಯತೆ ಕೊಟ್ಟಿತು. ಮಿತಿಯನ್ನು ಮೀರಿದರು, ಯಾಕೆ ಮೀರಿದೆವು ಅಂತಲೂ ಹೇಳಿದರು.

ತಕ್ಕಡಿ

ಆ ಕೊನೆಯ ವಾಕ್ಯಕ್ಕೆ ನನ್ನ ಸಹಿ ಇದೆ. ಮೀರುವುದಾದರೆ ಲಿಖಿತ ನಿಯಮದಿಂದ ಮೀರಿ. ನೈಸ್ 2022ರಿಂದ ರೋಗದ ತೀವ್ರತೆಗೆ ತೂಕ ಕೊಡುತ್ತಿದೆ. ರೋಗದಿಂದ ಕಳೆದುಕೊಳ್ಳುವ ಕ್ವಾಲಿ 12ರಿಂದ 18ರ ನಡುವೆ ಇದ್ದರೆ, ಅಥವಾ ಉಳಿದ ಬಾಳಿನ 85ರಿಂದ 95% ಕಳೆದರೆ, ಲಾಭವನ್ನು 1.2ರಿಂದ ಗುಣಿಸುತ್ತಾರೆ. ಅದಕ್ಕೂ ಮೇಲಾದರೆ 1.7. ನೆದರ್ಲೆಂಡ್ಸ್‌ನಲ್ಲಿ ತೀವ್ರತೆಗೆ ತಕ್ಕಂತೆ 20,000, 50,000, 80,000 ಯೂರೊ ಅಂತ ಮೂರು ಮಿತಿಗಳು.

ನಮ್ಮ ಉದಾಹರಣೆಗೆ 1.2 ಸಿಕ್ಕಿದರೆ 1.1 ಅನ್ನುವುದು 1.32 ಆಗುತ್ತದೆ, ಐಸರ್ ಸುಮಾರು 42,400. ಆಗಲೂ ಮಿತಿಯ ಹೊರಗೇ. 1.7 ಸಿಕ್ಕಿದರೆ 1.87, ಐಸರ್ ಸುಮಾರು 29,950. ಒಳಗೆ ಬಂತು! ಹಾಗಾಗಿ ತೀವ್ರತೆಯ ವಾದ ಮಂಡಿಸುವಾಗ ಕಂಪನಿ ರೋಗಿಗಳ ವಯಸ್ಸನ್ನು ಎಷ್ಟು ಇಟ್ಟಿದೆ ನೋಡಿ. ಸರಾಸರಿ ವಯಸ್ಸು ಐದು ವರ್ಷ ಕಡಿಮೆ ತೋರಿಸಿದರೆ ಕಳೆದುಕೊಳ್ಳುವ ಕ್ವಾಲಿ ಹೆಚ್ಚುತ್ತದೆ. ವಾರ್ಡ್_ರೌಂಡ್ ಹೇಳಿದ ಟ್ರಯಲ್ ರೋಗಿ, ವಾರ್ಡ್ ರೋಗಿ ವ್ಯತ್ಯಾಸ ಇಲ್ಲಿ ಮತ್ತೆ ತಲೆ ಎತ್ತುತ್ತದೆ.

ಖಜಾನೆ

ಐಸರ್ ಮಿತಿಯೊಳಗೆ ಬಂದ ಮಾತ್ರಕ್ಕೆ ಹಣ ಇದೆ ಅಂತ ಅರ್ಥವಲ್ಲ. ಹೆಪಟೈಟಿಸ್ ಸಿ-ಯ ಸೊಫೊಸ್ಬುವಿರ್ ನೆನಪಿರಬೇಕು. 2013ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು, 12 ವಾರಕ್ಕೆ 84,000 ಡಾಲರ್, ಮಾತ್ರೆಗೆ ಸಾವಿರ ಡಾಲರ್. ರೋಗ ವಾಸಿಯಾಗುತ್ತದೆ, ಮುಂದಿನ ಲಿವರ್ ಖರ್ಚು ಉಳಿಯುತ್ತದೆ, ಹಾಗಾಗಿ ಐಸರ್ ಚೆನ್ನಾಗಿಯೇ ಬಂತು. ಆದರೆ ದಶಕಗಳಿಂದ ಕೂಡಿಬಿದ್ದ ರೋಗಿಗಳೆಲ್ಲ ಒಮ್ಮೆಲೇ ಬಾಗಿಲಿಗೆ ಬಂದರು. ಖರ್ಚು ಈ ವರ್ಷ, ಉಳಿತಾಯ ಇಪ್ಪತ್ತು ವರ್ಷದ ನಂತರ.

ಆದ್ದರಿಂದ ಬಜೆಟ್ ಹಾಳೆಯಲ್ಲಿ ಈಗಾಗಲೇ ರೋಗ ಇರುವವರನ್ನೂ ಪ್ರತಿ ವರ್ಷ ಹೊಸದಾಗಿ ಬರುವವರನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಸಿ. ಡಿಸ್ಕೌಂಟ್ ಹಾಕದ ಹಣ, ಮೊದಲ ಮೂರರಿಂದ ಐದು ವರ್ಷ, ವರ್ಷವಾರು. 2017ರಲ್ಲಿ ಇಂಗ್ಲೆಂಡಿನಲ್ಲಿ, ಮೊದಲ ಮೂರು ವರ್ಷಗಳಲ್ಲಿ ಯಾವುದಾದರೂ ಒಂದು ವರ್ಷ 2 ಕೋಟಿ ಪೌಂಡ್ ದಾಟುವುದಾದರೆ ಬೇರೆಯೇ ಬೆಲೆ ಮಾತುಕತೆ ಅನ್ನುವ ನಿಯಮ ತಂದರು. ಅಮೆರಿಕದ ಲೂಸಿಯಾನಾ ರಾಜ್ಯ 2019ರಲ್ಲಿ ಇನ್ನೊಂದು ದಾರಿ ಹಿಡಿಯಿತು. ಹೆಪಟೈಟಿಸ್ ಸಿ ಔಷಧಿಗೆ ವರ್ಷಕ್ಕೊಂದು ಗರಿಷ್ಠ ಮೊತ್ತ ಗೊತ್ತುಮಾಡಿ, ಅದು ಮುಟ್ಟಿದ ಮೇಲೆ ಎಷ್ಟು ರೋಗಿಗಳಿಗೆ ಬೇಕಾದರೂ ಕೊಡುವ ಒಪ್ಪಂದ.

ಡಿಸ್ಕೌಂಟಿಂಗ್ ಅನ್ನುವುದು ಬೆಲೆ ರಿಯಾಯಿತಿ ಅಲ್ಲ ಅಂತ ಸಮಿತಿಯ ಮೊದಲ ಸಭೆಯಲ್ಲೇ ಹೇಳಿಬಿಡಿ, ಅರ್ಧ ಗಂಟೆ ಉಳಿಯುತ್ತದೆ. ಒಂದೇ ಸಲ ಕೊಡುವ ಜೀನ್ ಚಿಕಿತ್ಸೆಗಳಲ್ಲಿ ಇದು ದೊಡ್ಡ ವಿಷಯ. ಖರ್ಚೆಲ್ಲ ಇವತ್ತು, ಲಾಭ 40 ವರ್ಷ. ವರ್ಷಕ್ಕೊಂದು ಕ್ವಾಲಿಯಂತೆ 40 ವರ್ಷದ ಲಾಭ 3.5% ದರದಲ್ಲಿ ಇವತ್ತಿಗೆ 21.4 ಕ್ವಾಲಿ, 1.5% ದರದಲ್ಲಿ 29.9. ದರ ಬದಲಿಸಿದ್ದಕ್ಕೇ ಐಸರ್ 29% ಇಳಿಯುತ್ತದೆ. ಕಡಿಮೆ ದರ ಬಳಸಿದ್ದರೆ ಯೋಜನೆಯ ನಿಯಮದಲ್ಲಿ ಅದಕ್ಕೆ ಅವಕಾಶ ಇದೆಯೇ ನೋಡಿ.

ಮಷಿನ್_ಮನೆ

ಔಷಧಿ ಬಿಟ್ಟು ಯಂತ್ರಗಳಿಗೆ ಬಂದರೆ ಏನು ಬದಲಾಗುತ್ತದೆ ಅನ್ನುವುದನ್ನೂ ಸೇರಿಸುತ್ತೇನೆ, ಮುಂದೆ ಯಾರಾದರೂ ಹುಡುಕಿಕೊಂಡು ಬರಬಹುದು.

30,00,000 ಬೆಲೆಯ ಶಸ್ತ್ರಚಿಕಿತ್ಸೆಯ ಯಂತ್ರ, ಬಾಳಿಕೆ 8 ವರ್ಷ, 3.5% ದರ. ವರ್ಷಕ್ಕೆ ಹಂಚಿದರೆ ಸುಮಾರು 4,36,400. ವರ್ಷಕ್ಕೆ 400 ಶಸ್ತ್ರಚಿಕಿತ್ಸೆ ಮಾಡಿದರೆ ಒಂದಕ್ಕೆ 1,091. 150 ಮಾತ್ರ ಮಾಡಿದರೆ 2,910. ಕಡತದಲ್ಲಿರುವುದು ಯಾವಾಗಲೂ 400. ಎಷ್ಟು ಕೇಂದ್ರಗಳಿಗೆ ಅನುಮತಿ ಕೊಡುತ್ತೀರಿ ಅನ್ನುವುದರ ಮೇಲೆ ಐಸರ್ ನಿಂತಿದೆ, ಆದ್ದರಿಂದ ತೀರ್ಮಾನದಲ್ಲೇ ಕೇಂದ್ರಗಳ ಸಂಖ್ಯೆ ಅಥವಾ ಕನಿಷ್ಠ ಕೇಸುಗಳ ಸಂಖ್ಯೆ ಬರೆಯಿರಿ. ವಾರ್ಷಿಕ ನಿರ್ವಹಣಾ ಒಪ್ಪಂದ ಮತ್ತು ಪ್ರತಿ ಕೇಸಿಗೂ ಎಸೆಯುವ ಬಿಡಿಭಾಗಗಳು ಬೇರೆ. ವೈದ್ಯರ ಕೈ ಪಳಗುವವರೆಗಿನ ಫಲಿತಾಂಶ ಟ್ರಯಲ್‌ನ ಹಾಗಿರುವುದಿಲ್ಲ.

ರೋಗಪತ್ತೆ ಪರೀಕ್ಷೆಗಳದ್ದು ಬೇರೆಯೇ ಕಥೆ. ಸಾವಿರ ಜನರಲ್ಲಿ ಹತ್ತು ಮಂದಿಗೆ ರೋಗ, ಪರೀಕ್ಷೆಯು ರೋಗ ಇರುವವರಲ್ಲಿ 90% ಹಿಡಿಯುತ್ತದೆ, ಇಲ್ಲದವರಲ್ಲಿ 95% ಸರಿಯಾಗಿ ಇಲ್ಲ ಅನ್ನುತ್ತದೆ. ಸರಿಯಾಗಿ ಸಿಕ್ಕಿದವರು 9, ತಪ್ಪಾಗಿ ಸಿಕ್ಕಿದವರು ಸುಮಾರು 50. ಆ 50 ಜನರ ಮುಂದಿನ ಸ್ಕ್ಯಾನ್, ಬಯಾಪ್ಸಿ, ಆತಂಕ ಮಾಡೆಲ್‌ನಲ್ಲಿ ಇಲ್ಲದಿದ್ದರೆ ಕಡತ ವಾಪಸ್ ಕಳಿಸಿ.

ಕಡತದ_ಹುಳ

ಇಷ್ಟಾದ ಮೇಲೂ ಬಾಲದ ಅನಿಶ್ಚಿತತೆ ಉಳಿದೇ ಇದೆ. ಷರತ್ತಿನ ಮೇಲೆ ಒಪ್ಪಿಕೊಂಡು ಮೂರು ವರ್ಷ ದತ್ತಾಂಶ ಸಂಗ್ರಹಿಸೋಣ ಅನ್ನುವ ಮಾತು ಬಂದರೆ? ಪಕ್ಕದ ದೇಶವೊಂದು ಈ ಔಷಧಿಯನ್ನು ಒಪ್ಪಿದೆ, ಅಲ್ಲಿನ ಐಸರ್ 25,000 ಅಂತಲೂ ಕಡತದಲ್ಲಿದೆ.

ಖಜಾನೆ

ಪಕ್ಕದವರ ಐಸರ್ ಪೂರ್ತಿ ಮರೆತುಬಿಡಿ. ಅವರು ಕೊಟ್ಟ ಗುಪ್ತ ಬೆಲೆ ನಮಗೆ ಕಾಣುವುದಿಲ್ಲ, ಅವರ ನರ್ಸ್ ಸಂಬಳ ನಮ್ಮದಲ್ಲ, ಅವರ ಹಳೆ ಚಿಕಿತ್ಸೆಯೂ ಬೇರೆ. ಅಲ್ಲಿಂದ ತರಬಹುದಾದದ್ದು ಹಝರ್ಡ್ ರೇಶಿಯೊ ತರಹದ ಸಾಪೇಕ್ಷ ಪರಿಣಾಮ ಮಾತ್ರ. ಮೂಲ ಅಪಾಯ, ಬೆಲೆ, ಆರೋಗ್ಯ ಸ್ಥಿತಿಗೆ ಕೊಡುವ ಅಂಕ ಎಲ್ಲ ಇಲ್ಲಿನದೇ ಹಾಕಬೇಕು.

ಷರತ್ತಿನ ಒಪ್ಪಂದದ ವಿಷಯದಲ್ಲಿ ಬ್ರಿಟನ್ನಿನ ಮಲ್ಟಿಪಲ್ ಸ್ಕ್ಲೆರೋಸಿಸ್ (ನರಗಳ ಕಾಯಿಲೆ) ಯೋಜನೆಯನ್ನು ಓದಿಕೊಳ್ಳಿ. 2002ರಲ್ಲಿ ಬೀಟಾ ಇಂಟರ್‌ಫೆರಾನ್ ಮತ್ತು ಗ್ಲಾಟಿರಾಮರ್‌ಗೆ ಹತ್ತು ವರ್ಷದ ಗಮನಿಕೆ, ಫಲಿತಾಂಶ ನಿರೀಕ್ಷೆಗಿಂತ ಕೆಟ್ಟದಾದರೆ ಬೆಲೆ ಇಳಿಕೆ ಅಂತ ಒಪ್ಪಂದ. ಮೊದಲ ವಿಶ್ಲೇಷಣೆ ಪ್ರಕಟವಾದದ್ದು 2009ರಲ್ಲಿ. ಅಂಗವೈಕಲ್ಯದ ಪ್ರಗತಿ ನಿರೀಕ್ಷೆಗಿಂತ ಕೆಟ್ಟದಾಗಿತ್ತು, ಆದರೂ ತೀರ್ಮಾನಕ್ಕೆ ಇದು ಬಹಳ ಬೇಗ ಅಂದರು, ಬೆಲೆ ಇಳಿಯಲಿಲ್ಲ. ಔಷಧಿ ಪಡೆಯದ ಸಮಕಾಲೀನ ಹೋಲಿಕೆ ಗುಂಪು ಇಲ್ಲದೆ ಹಳೆ ರೋಗಿಗಳ ದಾಖಲೆಗೆ ಹೋಲಿಸಬೇಕಾಗಿ ಬಂದದ್ದು ಅದರ ಬುಡದಲ್ಲೇ ಇದ್ದ ತೊಂದರೆ.

ಅದಕ್ಕೆ ಹೋಲಿಸಿದರೆ ರಕ್ತದ ಕ್ಯಾನ್ಸರಿನ ಔಷಧಿ ಬೋರ್ಟೆಜೊಮಿಬ್‌ನ 2007ರ ಒಪ್ಪಂದ ಚಿಕ್ಕದು, ಚೊಕ್ಕದು. ನಾಲ್ಕು ಸುತ್ತಿನೊಳಗೆ ರಕ್ತಪರೀಕ್ಷೆಯಲ್ಲಿ ನಿಗದಿತ ಪ್ರತಿಕ್ರಿಯೆ ಬಾರದಿದ್ದರೆ ಔಷಧಿಯ ಹಣ ವಾಪಸ್. ಅಳೆಯುವುದು ಒಂದೇ ಸಂಗತಿ, ಅದೂ ಹೇಗಿದ್ದರೂ ಮಾಡುವ ಪರೀಕ್ಷೆ.

ಬಾಲದ_ಲೆಕ್ಕ

ಷರತ್ತು ಬರೆಯುವ ಮೊದಲು ಒಂದು ಪ್ರಶ್ನೆ: ಮೂರು ವರ್ಷದಲ್ಲಿ ಬರುವ ದತ್ತಾಂಶ ತೀರ್ಮಾನವನ್ನು ಬದಲಿಸಬಲ್ಲದೇ? ಮೇಲಿನ ಎರಡು ರೇಖೆಗಳಲ್ಲಿ 5ನೇ ವರ್ಷಕ್ಕೆ 18% ಮತ್ತು 20%. 300 ರೋಗಿಗಳನ್ನು ಐದು ವರ್ಷ ಗಮನಿಸಿದರೂ ಆ ಎರಡು ಅಂಕದ ಅಂತರ ಗದ್ದಲದಲ್ಲಿ ಮುಚ್ಚಿಹೋಗುತ್ತದೆ. ಇಂಥಲ್ಲಿ ದತ್ತಾಂಶ ಸಂಗ್ರಹ ಅಂದರೆ ಬೆಟ್ಟ ಅಗೆದು ಇಲಿ ಹಿಡಿದ ಹಾಗೆ, ಈಗಲೇ ಬೆಲೆ ಇಳಿಸಿಕೊಳ್ಳುವುದು ಮೇಲು. ಪರಿಣಾಮ ಸವೆಯುತ್ತದೆಯೇ ಅನ್ನುವುದು ಮುಖ್ಯ ಪ್ರಶ್ನೆಯಾದರೆ, ನಡೆಯುತ್ತಿರುವ ಟ್ರಯಲ್‌ನ ಮುಂದಿನ ಕಂತಿನಲ್ಲೇ ಉತ್ತರ ಸಿಗಬಹುದು, ಆಗ ಕಾಯುವುದಕ್ಕೆ ಅರ್ಥವಿದೆ.

ಮತ್ತೆ, "ಮಿತಿಯೊಳಗೆ ಬರುವ ಸಂಭವ 62%" ಅನ್ನುವಂಥ ಸಾಲುಗಳಿಗೆ ಮರುಳಾಗಬೇಡಿ. ಆ ಸಂಭವದ ಲೆಕ್ಕ ಆಯ್ದುಕೊಂಡ ಒಂದೇ ರೇಖೆಯೊಳಗಿನ ಅಲುಗಾಟದ್ದು. ರೇಖೆಯೇ ತಪ್ಪಾಗಿರುವ ಸಾಧ್ಯತೆ ಅದರಲ್ಲಿ ಸೇರಿಲ್ಲ.

ಅರ್ಜಿದಾರ

ಷರತ್ತು ಬರೆದರೆ ಒಂದು ಸಾಲು ಮರೆಯಬೇಡಿ: ಮುಂದೆ ಯೋಜನೆ ಹಿಂದೆಗೆದರೆ ಆಗಲೇ ಚಿಕಿತ್ಸೆಯಲ್ಲಿರುವ ರೋಗಿಗಳಿಗೆ ಔಷಧಿ ಕೊಡುವವರು ಯಾರು, ಯಾರ ಖರ್ಚಿನಲ್ಲಿ. ಇದನ್ನು ಮೊದಲೇ ಕಂಪನಿಯ ತಲೆಗೆ ಕಟ್ಟದಿದ್ದರೆ ಹಿಂದೆಗೆಯುವ ದಿನ ಸಮಿತಿಗೆ ಧೈರ್ಯ ಬರುವುದಿಲ್ಲ.

ತಕ್ಕಡಿ

ಹೌದು, ಅದು ಬರಲೇಬೇಕು. ಅದರ ಜೊತೆ ಯಾವ ಸಂಗತಿ ಅಳೆಯುತ್ತೇವೆ, ಯಾರು ದಾಖಲಿಸುತ್ತಾರೆ, ದಾಖಲಿಸುವ ಸಂಬಳ ಯಾರದು, ಯಾವ ತಾರೀಖಿಗೆ ಮರುಪರಿಶೀಲನೆ, ಯಾವ ಸಂಖ್ಯೆ ಬಂದರೆ ಬೆಲೆ ಎಷ್ಟಾಗುತ್ತದೆ. ಕೊನೆಯದು ಸಂಖ್ಯೆಯಲ್ಲೇ ಇರಬೇಕು, "ಸೂಕ್ತ ಕ್ರಮ" ಅಂತ ಬರೆದರೆ ಯಾವ ಕ್ರಮವೂ ಆಗುವುದಿಲ್ಲ.

ಎಕ್ಸೆಲ್ ಫೈಲಿಗೆ ಒಂದು ಮಧ್ಯಾಹ್ನ ಮೀಸಲಿಡಿ, @ಕಡತದ_ಹುಳ ಅವರೇ. ಎರಡೂ ಚಿಕಿತ್ಸೆಗೆ ಒಂದೇ ಪರಿಣಾಮ ಹಾಕಿ, ಕ್ವಾಲಿ ಅಂತರ ಸರಿಯಾಗಿ ಸೊನ್ನೆ ಬರಬೇಕು. ಔಷಧಿಯ ಬೆಲೆ ಸೊನ್ನೆ ಮಾಡಿ, ಉಳಿದ ಖರ್ಚು ಕಣ್ಣಿಗೆ ಬೀಳುತ್ತದೆ. ಎಲ್ಲ ಆರೋಗ್ಯ ಅಂಕಗಳನ್ನೂ 1 ಮಾಡಿ, ಕ್ವಾಲಿ ಮತ್ತು ಬದುಕಿದ ವರ್ಷ ಸಮ ಆಗಬೇಕು. ಡಿಸ್ಕೌಂಟ್ ದರ ಸೊನ್ನೆ ಮಾಡಿದಾಗ ಕ್ವಾಲಿ ಹೆಚ್ಚಾಗಬೇಕು. ಪ್ರತಿ ಸಾಲಿನಲ್ಲೂ ಬದುಕಿದವರು, ಸತ್ತವರು ಕೂಡಿ 100% ಇರಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಫೈಲನ್ನು ಕಂಪನಿಗೆ ವಾಪಸ್ ಮಾಡಿ, ಮೂರು ವಾರದ ಗಡಿಯಾರ ಅಲ್ಲಿಗೆ ನಿಲ್ಲುತ್ತದೆ ಅಂತಲೂ ಬರೆದು ತಿಳಿಸಿ.

ಸೀಸೆ_ಎಣಿಕೆ

ಸೀಸೆಯ ಸಂಖ್ಯೆ ಇರುವ ಸೆಲ್ ಮೇಲೆ ಕ್ಲಿಕ್ ಮಾಡಿ ನೋಡಿ. ಸೂತ್ರ ಇರಬೇಕಾದ ಕಡೆ ಬರೀ 1.3 ಅಂತ ಟೈಪ್ ಮಾಡಿದ್ದರೆ, ತೂಕ ಬದಲಿಸಿದರೂ ಏನೂ ಕದಲುವುದಿಲ್ಲ.

ಕಡತದ_ಹುಳ

ಖರ್ಚಿನ ಹಾಳೆ ತೆಗೆದೆ. 1.3 ಅಂತಲೇ ಟೈಪ್ ಮಾಡಿದ್ದಾರೆ.